ನಿಮಗಿದು ಗೊತ್ತೇ? ನೇರಳೆ ಕೋಶದ ನೀರಾಟ

ಸಸ್ಯಕೋಶದೊಳಗೆ ನೀರು ನುಗ್ಗುವುದಾಗಲಿ, ಹೊರಬರುವುದಾಗಲಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಕಾಣುವುದು ಅದು ಬಂದುಹೋದ ಗುರುತು ಮಾತ್ರ. ಪೊರೆ ದಾಟುವ ನೀರಿನ ಈ ಓಡಾಟವೇ ಅಭಿಸರಣೆ; ಅದರ ಪ್ರಯೋಗಗಳೆಲ್ಲ ಈ ಗುರುತು ಹಿಡಿಯುವ ಉಪಾಯಗಳೇ.

ರಿಯೋ ಗಿಡಕ್ಕೆ ಪ್ರಯೋಗಾಲಯಗಳಲ್ಲಿ ಬೇಡಿಕೆ ಇರುವುದೂ ಇದರಿಂದಲೇ. ಪಾರ್ಕಿನ ಅಂಚಿಗೆ ಸಾಲಾಗಿ ನೆಡುತ್ತಾರಲ್ಲ, ಎಲೆಯ ಮೇಲುಭಾಗ ಹಸಿರು, ಅಡಿಭಾಗ ನೇರಳೆ, ಅದೇ ಗಿಡ. ಎಲೆ ಮುರಿದು ಓರೆಯಾಗಿ ಎಳೆದರೆ ಅಡಿಯ ತೆಳುಸಿಪ್ಪೆ ಬಿಟ್ಟುಕೊಳ್ಳುತ್ತದೆ. ಅದರ ಬಣ್ಣವೆಲ್ಲ ಕೋಶದ ನಡುವಿನ ರಸದಾನಿಯಲ್ಲಿ ಕರಗಿರುತ್ತದೆ. ಗಾಜಿನ ಪಟ್ಟಿಯ ಮೇಲಿಟ್ಟು ಗಟ್ಟಿ ಸಕ್ಕರೆ ನೀರಿನ ಹನಿ ಬಿಟ್ಟು ಕೆಲವು ನಿಮಿಷ ಕಾಯಿರಿ. ಕೋಶದ ತುಂಬ ಹರಡಿದ್ದ ನೇರಳೆ, ಗೋಡೆ ಬಿಟ್ಟು ಒಳಸರಿದು ಕಡುಬಣ್ಣದ ಮುದ್ದೆಯಾಗುತ್ತದೆ. ಬಣ್ಣ ಹೆಚ್ಚಿದ್ದಲ್ಲ, ನೀರು ಹೋಗಿ ರಸ ಮಂದವಾದದ್ದು. ಇದೇ ಪ್ಲಾಸ್ಮಾಲಿಸಿಸ್. ತಡಮಾಡದೆ ಬರೀ ನೀರು ಹಾಕಿದರೆ ಮುದ್ದೆ ಹಿಗ್ಗಿ ಮತ್ತೆ ಗೋಡೆಗೆ ಒತ್ತಿಕೊಳ್ಳುತ್ತದೆ.

ಮುದುಡಿದ ಮುದ್ದೆಗೂ ಕೋಶಭಿತ್ತಿಗೂ ನಡುವೆ ತೆರವಾದ ಜಾಗದಲ್ಲಿ ಏನಿರುತ್ತದೆ? ವೈವಾದಲ್ಲಿ ಹುಡುಗರ ಬೆವರಿಳಿಸುವ ಹಳೆಯ ಪ್ರಶ್ನೆ. ಗಾಳಿ ಎಂದರೂ ತಪ್ಪು, ನಿರ್ವಾತ ಎಂದರೂ ತಪ್ಪು. ಅಲ್ಲಿರುವುದು ನೀವೇ ಹಾಕಿದ ಸಕ್ಕರೆ ನೀರು. ಭಿತ್ತಿ ಸಕ್ಕರೆಯನ್ನು ತಡೆಯುವುದಿಲ್ಲ; ತಡೆಯುವುದು ಅದರೊಳಗಿನ ಪೊರೆ.

ಮುದ್ದೆ ಗೋಡೆಯನ್ನು ಪೂರ್ತಿ ಬಿಟ್ಟುಬಿಡುತ್ತದೆ ಅಂದುಕೊಳ್ಳಬೇಡಿ. ಪೊರೆಯ ಸಣ್ಣ ಸಣ್ಣ ಎಳೆಗಳು ಅಲ್ಲಲ್ಲಿ ಗೋಡೆಗೆ ಅಂಟಿಕೊಂಡೇ ಇರುತ್ತವೆ. 1912ರಲ್ಲಿ ಈರುಳ್ಳಿಯ ಕೋಶಗಳಲ್ಲಿ ಇವನ್ನು ವಿವರಿಸಿದ ಕರ್ಟ್ ಹೆಕ್ಟ್ ಹೆಸರೇ ಅವಕ್ಕೆ ಉಳಿದಿದೆ.

ಸಿಪ್ಪೆಯನ್ನು ಕುದಿಸಿ ನಂತರ ಸಕ್ಕರೆ ನೀರು ಹಾಕಿದರೆ ಏನೂ ಆಗದು. ಪೊರೆ ಸತ್ತರೆ ಆಟ ಮುಗಿಯಿತು, ಬಣ್ಣವೂ ಹೊರಗೆ ಸೋರಿಹೋಗುತ್ತದೆ. ಬೀಟ್‌ರೂಟ್ ಬೇಯಿಸಿದ ನೀರು ಅಷ್ಟು ಕೆಂಪಾಗುವುದು ಇದಕ್ಕೇ. ಹಸಿ ಹೋಳನ್ನು ತಣ್ಣೀರಿನಲ್ಲಿ ತೊಳೆದಿಟ್ಟರೆ ಕತ್ತಿ ತಾಗಿದ ಕೋಶಗಳ ಬಣ್ಣವಷ್ಟೇ ಬಿಡುತ್ತದೆ.

ಆಲೂಗಡ್ಡೆಯಲ್ಲಿ ಗುಳಿ ಕೊರೆದು ಸಕ್ಕರೆ ದ್ರಾವಣ ತುಂಬಿ ನೀರಿನ ತಟ್ಟೆಯಲ್ಲಿ ಇಟ್ಟರೆ ಗುಳಿಯ ಮಟ್ಟ ಏರುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲಿ ಏರುವುದಿಲ್ಲ. ಕಾರಣ ಅದೇ.

ಈಗ ಪಾಠದಲ್ಲಿ ಯಾರೂ ಒತ್ತಿ ಹೇಳದ ಸಂಗತಿ. ಬಿಸಿಲಿಗೆ ಬಾಡಿದ ಎಲೆಯಲ್ಲಿ ಸಾಮಾನ್ಯವಾಗಿ ಪ್ಲಾಸ್ಮಾಲಿಸಿಸ್ ಆಗುವುದೇ ಇಲ್ಲ! ಪೊರೆ ಗೋಡೆ ಬಿಟ್ಟು ಸರಿಯಬೇಕಾದರೆ ನಡುವಿನ ಜಾಗ ತುಂಬಲು ಏನಾದರೂ ಒಳಬರಬೇಕು. ಪ್ರಯೋಗದಲ್ಲಿ ದ್ರಾವಣ ಬರುತ್ತದೆ. ಗಾಳಿಗೆ ಒಡ್ಡಿಕೊಂಡ ಎಲೆಯಲ್ಲಿ ಹೊರಗಿರುವುದು ಗಾಳಿ. ಭಿತ್ತಿಯ ಅತಿಸಣ್ಣ ರಂಧ್ರಗಳಲ್ಲಿ ನಿಂತ ನೀರಿನ ಮೇಲ್ಮೈಬಿಗಿತ ಅದನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ನೀರು ಕಳೆದುಕೊಂಡ ಕೋಶ, ಗೋಡೆಯನ್ನೂ ಒಳಕ್ಕೆ ಎಳೆದುಕೊಂಡು ಸುಕ್ಕಾಗುತ್ತದೆ. ಬಾಡಿದ ಗಿಡ ಅಂದಕೂಡಲೇ ಪ್ಲಾಸ್ಮಾಲಿಸಿಸ್ ಎಂದು ಬರೆದು ಅಂಕ ಗಿಟ್ಟಿಸಿದವರು ಎಷ್ಟು ಜನರೋ!

ಅಭಿಸರಣೆಯನ್ನು ಮೊದಲು ದಾಖಲಿಸಿದ್ದು ಗಿಡದಲ್ಲಲ್ಲ, ಮದ್ಯಸಾರದ ಶೀಶೆಯಲ್ಲಿ. 1748ರಲ್ಲಿ ಫ್ರಾನ್ಸಿನ ಪಾದ್ರಿ ವಿಜ್ಞಾನಿ ಜ್ಯಾಂ-ಆಂತ್ವಾನ್ ನೊಲೆ, ಮದ್ಯಸಾರಕ್ಕೆ ಗಾಳಿ ತಾಕದಿರಲೆಂದು ಶೀಶೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿಕೊಂಡಿತು, ಸೂಜಿ ಚುಚ್ಚಿದರೆ ದ್ರವ ಚಿಮ್ಮಿತು.

ಗಿಡ ನೋಡುವವರ ಲೆಕ್ಕದಿಂದ ರಸಾಯನಶಾಸ್ತ್ರಕ್ಕೆ ನೊಬೆಲ್ ಬಂದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್, ಸರಂಧ್ರ ಮಣ್ಣಿನ ಕುಡಿಕೆಯ ಗೋಡೆಯೊಳಗೆ ತಾಮ್ರದ ಫೆರೋಸಯನೈಡ್ ಪೊರೆ ಕೂರಿಸಿ ಒತ್ತಡ ಅಳೆದು 1877ರಲ್ಲಿ ಪ್ರಕಟಿಸಿದರು. ಬರೀ ಶೇ. 1ರ ಸಕ್ಕರೆ ದ್ರಾವಣ 53.5 ಸೆಂ.ಮೀ. ಪಾದರಸವನ್ನು ಎತ್ತಿ ಹಿಡಿದಿತ್ತು. ನೆದರ್ಲೆಂಡ್ಸ್‌ನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಅದೇ ಕಾಲದಲ್ಲಿ ಸಸ್ಯಕೋಶ ಮುದುಡುವುದನ್ನು ನೋಡಿನೋಡಿ ದ್ರಾವಣಗಳನ್ನು ತೂಗುತ್ತಿದ್ದರು. ಯಾವ ಸಾಂದ್ರತೆಯಲ್ಲಿ ಕೋಶ ಗೋಡೆ ಬಿಡಲು ಶುರುಮಾಡುತ್ತದೆ ಎಂಬುದೇ ಅವರ ತಕ್ಕಡಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಹೋದ್ಯೋಗಿ ವಾಂಟ್ ಹಾಫ್ ಅವರಿಗೆ ಫೆಫರ್ ಅಂಕಿಗಳ ಸುದ್ದಿ ಮುಟ್ಟಿಸಿದವರೂ ಡಿ ವ್ರೀಸರೇ. ಆ ಅಂಕಿಗಳಲ್ಲಿ ವಾಂಟ್ ಹಾಫ್ ಕಂಡದ್ದು ಅನಿಲಗಳ ನಿಯಮವನ್ನೇ ಹೋಲುವ ನಿಯಮ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರದ್ದು, ಅವರ ಪಾಲಾಯಿತು. ಮೆಂಡೆಲ್‌ನ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಡಿ ವ್ರೀಸ್ ಇವರೇ!

ನೀರುಂಡ ಎಲೆಕೋಶದ ಒಳ ಒತ್ತಡ ಕಾರಿನ ಟೈರಿನದಕ್ಕಿಂತ ಹೆಚ್ಚು. ಟೈರಿನಲ್ಲಿ ಸುಮಾರು 2 ಅಟ್ಮಾಸ್ಫಿಯರ್ ಇದ್ದರೆ ಕೋಶದಲ್ಲಿ 5 ದಾಟುವುದು ಸಾಮಾನ್ಯ. ಅಷ್ಟನ್ನೂ ತಾಳುವುದು ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್ ಕೂಡ ದಪ್ಪವಿಲ್ಲದ ಭಿತ್ತಿ. ಭಿತ್ತಿಯಿಲ್ಲದ ನಮ್ಮ ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಒಡೆದೇ ಹೋಗುತ್ತದೆ.

ಮುಟ್ಟಿದರೆ ಮುನಿ ಮುದುಡುವುದೂ ನೀರಿನ ಲೀಲೆ. ಎಲೆಯ ಬುಡದ ಉಬ್ಬಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಬೀಳುತ್ತವೆ, ನೀರು ಬೆನ್ನಟ್ಟುತ್ತದೆ, ಎಲೆ ಕುಸಿಯುತ್ತದೆ.

ನೀರು ಪೊರೆ ದಾಟಲು ಪ್ರತ್ಯೇಕ ಬಾಗಿಲುಗಳಿವೆ ಎಂದು ಖಚಿತವಾದದ್ದು 1992ರಲ್ಲಿ. ಪೀಟರ್ ಆಗ್ರೆ ತಂಡ, ರಕ್ತಕಣಗಳಲ್ಲಿ ಸಿಕ್ಕ ಒಂದು ಪ್ರೋಟೀನನ್ನು ಕಪ್ಪೆಯ ಮೊಟ್ಟೆ ತಯಾರಿಸುವಂತೆ ಮಾಡಿ ತೆಳು ದ್ರಾವಣಕ್ಕೆ ಹಾಕಿತು. ಆ ಮೊಟ್ಟೆಗಳು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು, ಆ ಪ್ರೋಟೀನ್ ಇಲ್ಲದವು ಹಾಗೇ ಇದ್ದವು. ಇದಕ್ಕೆ 2003ರ ನೊಬೆಲ್‌ನಲ್ಲಿ ಪಾಲು. ಅಂಥ ಒಂದೊಂದು ಬಾಗಿಲಲ್ಲೂ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹಾಯಬಲ್ಲವು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲೇ ಈ ಬಗೆಯ 35 ಜೀನ್‌ಗಳಿವೆ.

ಅಡುಗೆಮನೆಯಲ್ಲೂ ಇದೇ ಆಟ. ಅಪ್ಪೆಮಿಡಿಗೆ ಕಲ್ಲುಪ್ಪು ಸುರಿದು ಭರಣಿಯಲ್ಲಿ ಇಟ್ಟರೆ ಹನಿ ನೀರು ಹಾಕದಿದ್ದರೂ ಕೆಲವು ದಿನಗಳಲ್ಲಿ ಮಿಡಿ ತನ್ನದೇ ನೀರಿನಲ್ಲಿ ಮುಳುಗಿ ಚಿರುಟುತ್ತದೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಿ ಎಂದು ಅಜ್ಜಿಯರು ಹೇಳುವುದು ಸೌತೆಕಾಯಿ ನೀರು ಬಿಟ್ಟುಕೊಳ್ಳದಿರಲಿ ಎಂದೇ. ಒಣ ಕಡಲೆ ನೆನೆಸಿದಾಗ ಮೊದಲಿಗೆ ಉಬ್ಬುವುದು ಮಾತ್ರ ಅಭಿಸರಣೆಯಲ್ಲ. ಅಲ್ಲಿ ಪಿಷ್ಟ, ಪ್ರೋಟೀನುಗಳೇ ನೀರು ಹೀರಿ ಹಿಗ್ಗುವುದು. ಸತ್ತ ಬೀಜವೂ ಹಾಗೇ ಉಬ್ಬುತ್ತದೆ.

ಉಪ್ಪು ಮಿಡಿಯನ್ನು ಹಾಗೆ ಚಿರುಟಿಸುವುದಾದರೆ ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಉಪ್ಪುನೀರಿನಲ್ಲಿ ನಿಂತೂ ಚಿರುಟುವುದಿಲ್ಲವೇಕೆ? ಅವು ಎಳೆಯುವ ಬಲ ಕಡಲಿನದಕ್ಕಿಂತ ಹೆಚ್ಚು. ಪರ್ ಶೋಲಾಂಡರ್ ತಂಡ 1965ರಲ್ಲಿ, ಕತ್ತರಿಸಿದ ರೆಂಬೆಯನ್ನು ಒತ್ತಡದ ಡಬ್ಬಿಗೆ ಸಿಕ್ಕಿಸಿ ಕಾಂಡ್ಲಾ ಜಾತಿಗಳ ರಸದ ಎಳೆತವನ್ನು ಅಳೆಯಿತು. ಕಡಲ ನೀರಿನ ಅಭಿಸರಣ ಒತ್ತಡ ಸುಮಾರು 25 ಅಟ್ಮಾಸ್ಫಿಯರ್. ಗಿಡಗಳ ಎಳೆತ 35ರಿಂದ 60. ಇದೇ ತಂಡ ಅಮೆರಿಕದ ಮುಗಿಲೆತ್ತರದ ಡಗ್ಲಸ್ ಫರ್ ಮರಗಳನ್ನೂ ಅಳೆಯಿತು. ತುದಿಯ ರೆಂಬೆ ಕೈಗೆ ಸಿಗುವುದು ಹೇಗೆ? ಬಂದೂಕಿನಿಂದ ಗುಂಡು ಹೊಡೆದು ಕೆಡವಿಕೊಂಡರು!