ಗೋಪಾಲ ನಾಯ್ಕರು ಹಾಡಿದ ಸಿರಿ

ಹುಣ್ಣಿಮೆಯ ರಾತ್ರಿ ತುಳುನಾಡಿನ ಹಿರಿಯಡ್ಕದಲ್ಲೋ ಕವತ್ತಾರಿನಲ್ಲೋ ಸಿರಿ ಜಾತ್ರೆಗೆ ಹೋದವರಿಗೆ ಸಿರಿಯ ಕತೆ ಇಡಿಯಾಗಿ ಕೇಳಸಿಗುವುದಿಲ್ಲ. ಕೈಯಲ್ಲಿ ಹಿಂಗಾರ ಹಿಡಿದು ಮೈದುಂಬಿದ ಹೆಂಗಸರ ಬಾಯಲ್ಲಿ ಅದು ತುಣುಕು ತುಣುಕಾಗಿ ಬರುತ್ತದೆ. ಒಬ್ಬಾಕೆ ಸಿರಿ, ಇನ್ನೊಬ್ಬಾಕೆ ಸಿರಿಯ ಮಗಳು ಸೊನ್ನೆ, ಮತ್ತೊಬ್ಬಾಕೆ ಸೊನ್ನೆಯ ಮಗಳು ಅಬ್ಬಗ. ಸಿರಿಯ ಮಗ ಕುಮಾರನಾದವನು ಅವರನ್ನು ಮಾತಾಡಿಸುತ್ತಾನೆ. ನೇಜಿ ನೆಡುವ ಗದ್ದೆಯಲ್ಲೂ ಅಷ್ಟೇ, ಕೆಲಸ ಮುಗಿದಲ್ಲಿಗೆ ಕತೆ ಹೇಳುವ ತುಳು ಹಾಡು, ಪಾಡ್ದನ, ನಿಲ್ಲುತ್ತದೆ. ಹಾಗಾದರೆ ಹೆಚ್ಚುಕಡಿಮೆ ಇಲಿಯಡ್‌ನಷ್ಟೇ ಉದ್ದದ, 15,683 ಸಾಲುಗಳ ಸಿರಿ ಕಾವ್ಯ ಬಂದದ್ದೆಲ್ಲಿಂದ?

ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರಿಂದ. ಸಿರಿ ಆಚರಣೆಯಲ್ಲಿ ಕುಮಾರನಾಗಿ ಮುಂದೆ ನಿಲ್ಲುತ್ತಿದ್ದವರು ಅವರು. 1990ರ ಡಿಸೆಂಬರ್‌ನಲ್ಲಿ ಅವರು ದಿನಗಟ್ಟಲೆ ಕೂತು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕೇಳಲು ಕೂತವರು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನ್ನೆಲಿ, ನಮ್ಮ ಜಾನಪದ ವಿದ್ವಾಂಸರಾದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ. ಕಲೇವಲವನ್ನು ರಾಷ್ಟ್ರದ ಕಾವ್ಯವೆಂದು ಎದೆಗೊತ್ತಿಕೊಂಡ ನಾಡಿನಿಂದ ಬಂದ ಹಾಂಕೊ, ಕವಿಯ ಮನಸ್ಸಿನಲ್ಲಿ ಕಾವ್ಯ ಹೇಗೆ ನೆಲೆಸಿರುತ್ತದೆ ಎಂದು ಕೇಳುತ್ತಿದ್ದರು. ಉತ್ತರ ಸಿಕ್ಕಿದ್ದು ಅವಸರವಿಲ್ಲದೆ ಕೂತದ್ದರಿಂದ. ಇಷ್ಟೇ ಹೊತ್ತು, ಇಷ್ಟೇ ಸಾಲು ಎಂಬ ಕಟ್ಟು ಬಿಟ್ಟೊಡನೆ ನಾಯ್ಕರೊಳಗೆ ಹರಡಿಕೊಂಡಿದ್ದ ಕತೆ ತನ್ನ ಪೂರ್ಣ ಅಳತೆಗೆ ಬೆಳೆಯಿತು.

ಅದೆಂಥ ಕತೆ! ಮಕ್ಕಳಿಲ್ಲದ ಮುದುಕ ಬೆರ್ಮು ಆಳ್ವನಿಗೆ ಹಿಂಗಾರದಿಂದ ಸಿಕ್ಕಿದ ಮಗಳು ಸಿರಿ. ಗಂಡನ ಸೂಳೆ ಸಿದ್ದು ಮೊದಲು ಉಟ್ಟ ಬಯಕೆಯ ಸೀರೆಯನ್ನು ಒಲ್ಲೆನೆನ್ನುತ್ತಾಳೆ. ಗಂಡ ಕಾಂತು ಪೂಂಜನನ್ನು ತಾನಾಗಿಯೇ ಬಿಟ್ಟು, ಹಸುಗೂಸು ಕುಮಾರನೊಂದಿಗೆ ಹೊರಡುತ್ತಾಳೆ. ಮುಂದೆ ಮೊಮ್ಮಕ್ಕಳಾದ ಅಬ್ಬಗ ದಾರಗರು ಚೆನ್ನೆಮಣೆಯ ಆಟದಲ್ಲಿ ಜಗಳವಾಗಿ ಸಾಯುತ್ತಾರೆ. ಜಾತ್ರೆಗೆ ಬರುವ ಹೆಂಗಸರು ತಮ್ಮ ಮನೆಯ ಸಂಕಟವನ್ನು ಈ ಮೂರು ತಲೆಮಾರಿನ ಹೆಂಗಸರ ಮೂಲಕವೇ ಹೇಳಿಕೊಳ್ಳುತ್ತಾರೆ.

ಧ್ವನಿಮುದ್ರಿಕೆಯನ್ನು ಅಕ್ಷರಕ್ಕಿಳಿಸಿ, ಇಂಗ್ಲಿಷಿಗೆ ತರಲು ವರ್ಷಗಳೇ ಹಿಡಿದವು. ತುಳುವಿನ ಒಂದೊಂದು ಮಾತಿನ ಒಳಮನೆ ಗೊತ್ತಿದ್ದ ರೈ ಮತ್ತು ಗೌಡರಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದ ಕಾವ್ಯದ ಎರಡು ಸಂಪುಟಗಳ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಜನಪದ ಗಾಯಕರನ್ನು ‘ಮಾಹಿತಿದಾರ’ರೆಂದು ಪುಸ್ತಕದ ಕೊನೆಗೆ ಸೇರಿಸುವ ನಮ್ಮ ರೂಢಿಯ ಎದುರು ಇದು ದೊಡ್ಡ ನಡೆ ಎಂದೇ ನಾನು ತಿಳಿದಿದ್ದೇನೆ.

ಒಂದು ಕೊರಗು ಮಾತ್ರ ಉಳಿಯುತ್ತದೆ. ಆ ಸಂಪುಟಗಳ ತುಳು ಇರುವುದು ರೋಮನ್ ಲಿಪಿಯಲ್ಲಿ. ಈ ಪಾಡ್ದನವನ್ನು ಗದ್ದೆಯಲ್ಲಿ ಹಾಡಿ ಬೆಳೆಸಿದ ಹೆಂಗಸರ ಮೊಮ್ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವುದು ಕನ್ನಡ ಅಕ್ಷರ. ಆ ಅಕ್ಷರದಲ್ಲಿ, ಅವರ ಕೈಗೆಟುಕುವ ಬೆಲೆಯಲ್ಲಿ, ನಾಯ್ಕರ ದನಿಯ ಸಮೇತ ಈ ಸಿರಿ ಬೆಳ್ತಂಗಡಿಯ ಪ್ರತಿ ಶಾಲೆಯಲ್ಲೂ ಇರಬೇಕು.