ದಾಖಲೆ ಸರಿಯಿದ್ದರೂ ಮಣ್ಣು ವಿಷವಾಗಿರಬಹುದು: ಹಳೆಯ ಕಾರ್ಖಾನೆ ಜಮೀನು ಕೊಳ್ಳುವ ಮುನ್ನ

ಬೆಂಗಳೂರು: ಜಮೀನು ಖರೀದಿಗೆ ಮುಂದಾಗುವವರು ಪಹಣಿ, ಖಾತಾ, ಋಣಭಾರ ಪ್ರಮಾಣಪತ್ರ ಹಾಗೂ ಭೂಪರಿವರ್ತನೆ ಆದೇಶಗಳನ್ನು ವಕೀಲರಿಗೆ ತೋರಿಸುವುದು ವಾಡಿಕೆ. ಜಮೀನು ಯಾರದು, ಅದರ ಮೇಲೆ ಸಾಲವಿದೆಯೇ ಎಂಬುದನ್ನು ಇವು ತಿಳಿಸುತ್ತವೆ. ಮಣ್ಣಿನಡಿ ಏನಿದೆ ಎಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಪೀಣ್ಯದಂತಹ ಹಳೆಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿರುವಾಗ ಈ ಕೊರತೆ ಸಣ್ಣದೇನಲ್ಲ.

ಇಂತಹ ಖರೀದಿ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ನಯಾಗರಾ ಫಾಲ್ಸ್ ನಗರದ 'ಲವ್ ಕೆನಾಲ್' ಪ್ರಕರಣ ಇಂದಿಗೂ ದೊಡ್ಡ ಉದಾಹರಣೆ. ಅರ್ಧಕ್ಕೇ ನಿಂತಿದ್ದ ಕಾಲುವೆಯೊಂದರಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ 1942ರಿಂದ ಸುಮಾರು 20 ಸಾವಿರ ಟನ್ ತ್ಯಾಜ್ಯವನ್ನು ಹೂಳಿತ್ತು. 1953ರಲ್ಲಿ ಅದೇ ಜಾಗವನ್ನು ನಗರದ ಶಿಕ್ಷಣ ಮಂಡಳಿಗೆ ಕೇವಲ ಒಂದು ಡಾಲರಿಗೆ ಮಾರಿತು. ಜಾಗದಲ್ಲಿ ರಾಸಾಯನಿಕಗಳಿವೆ, ಮುಂದೆ ಹಾನಿಯಾದರೆ ತಾನು ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿತ್ತು. ಮಂಡಳಿ ಅದಕ್ಕೂ ಒಪ್ಪಿತು! ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳು ಬಂದವು. ವಿಷ ನೆಲಮಾಳಿಗೆಗಳಿಗೆ ಜಿನುಗಿ, 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಬೇಕಾಯಿತು. ನೂರಾರು ಕುಟುಂಬಗಳು ಮನೆ ತೊರೆದವು.

ಕ್ರಯಪತ್ರದ ಆ ಷರತ್ತು ಕಂಪನಿಯನ್ನು ಕಾಪಾಡಲಿಲ್ಲ. ಹೂಕರ್ ಅನ್ನು 1968ರಲ್ಲಿ ಖರೀದಿಸಿದ್ದ ಆಕ್ಸಿಡೆಂಟಲ್ ಸಂಸ್ಥೆ, ತಾನು ಒಂದು ಪೀಪಾಯಿಯನ್ನೂ ಅಲ್ಲಿ ಹೂಳದಿದ್ದರೂ, 1995ರಲ್ಲಿ ಕೇಂದ್ರ ಸರ್ಕಾರಕ್ಕೆ 12.9 ಕೋಟಿ ಡಾಲರ್ ತೆರಲು ಒಪ್ಪಿಕೊಂಡಿತು. ಕಂಪನಿಯನ್ನು ಕೊಂಡವರಿಗೆ ಅದರ ಹಳೆಯ ಪಾಪವೂ ಬರುತ್ತದೆ ಎಂದರ್ಥ. ಈ ಪ್ರಕರಣದ ನಂತರ 1980ರಲ್ಲಿ ಬಂದ ಅಮೆರಿಕದ ಕಾನೂನು, ಮಾಲಿನ್ಯ ಮಾಡದ ಹಾಲಿ ಮಾಲೀಕನನ್ನೂ ಶುದ್ಧೀಕರಣಕ್ಕೆ ಹೊಣೆಯಾಗಿಸುತ್ತದೆ. ಕೊಳ್ಳುವ ಮೊದಲೇ ಜಾಗದ ಪೂರ್ವೇತಿಹಾಸವನ್ನು ನಿಯಮಾನುಸಾರ ತನಿಖೆ ಮಾಡಿಸಿದವರಿಗೆ ಮಾತ್ರ ನಂತರದ ತಿದ್ದುಪಡಿಗಳು ಷರತ್ತುಬದ್ಧ ರಕ್ಷಣೆ ನೀಡಿವೆ.

ನಮ್ಮಲ್ಲಿ ಕಾನೂನಿನ ದೃಷ್ಟಿ ತುಸು ಬೇರೆ. ರಾಜಸ್ಥಾನದ ಬಿಛ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ 'ಮಾಲಿನ್ಯ ಮಾಡಿದವರೇ ತೆರಬೇಕು' ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಹಣ ಕಟ್ಟದೆ ಸತಾಯಿಸಿದ ಕಂಪನಿಗೆ 2011ರಲ್ಲಿ ಸುಮಾರು 37 ಕೋಟಿ ರೂಪಾಯಿಯ ಮೇಲೆ ಶೇ 12ರ ಚಕ್ರಬಡ್ಡಿಯನ್ನೂ ವಿಧಿಸಲಾಯಿತು. 2025ರ ಜುಲೈನಲ್ಲಿ ಕೇಂದ್ರವು ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದ್ದು, ಶಂಕಿತ ತಾಣಗಳ ಬಗ್ಗೆ ಜಿಲ್ಲಾಡಳಿತಗಳು ಆರು ತಿಂಗಳಿಗೊಮ್ಮೆ ವರದಿ ನೀಡಬೇಕಿದೆ.

ಹಾಗೆಂದು ಖರೀದಿದಾರ ನಿಶ್ಚಿಂತನಾಗಿರುವಂತಿಲ್ಲ. ಹೊಣೆ ಯಾರದೆಂಬುದು ಇತ್ಯರ್ಥವಾಗುವವರೆಗೆ ಕಾಮಗಾರಿ ನಿಂತರೂ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಪಾಯ ತೋಡಿದ ಮಣ್ಣು ವಿಷಯುಕ್ತವಾಗಿದ್ದರೆ ಅದನ್ನು ಕಂಡಲ್ಲಿ ಸುರಿಯುವಂತೆಯೂ ಇಲ್ಲ.

ತನಗೆ ಗೊತ್ತಿರುವ, ಖರೀದಿದಾರನಿಗೆ ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಯಾಗದ ದೋಷವನ್ನು ಮಾರಾಟಗಾರ ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಆದರೆ 'ಗೊತ್ತಿತ್ತು' ಎಂದು ಸಾಬೀತುಪಡಿಸುವುದು ಸುಲಭವಲ್ಲ. ಮುಂಗಡ ಕೊಡುವ ಮೊದಲೇ ಮಣ್ಣು ಮತ್ತು ಕೊಳವೆಬಾವಿ ನೀರಿನ ಪರೀಕ್ಷೆ ಮಾಡಿಸುವುದು, ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ನೀಡಿದ್ದ ಸಮ್ಮತಿಪತ್ರಗಳನ್ನು ಕೇಳಿ ಪಡೆಯುವುದು ಒಳಿತು. ಶುದ್ಧೀಕರಣದ ವೆಚ್ಚ ಮಾರಾಟಗಾರನದೇ ಎಂದು ಕರಾರಿನಲ್ಲಿ ಬರೆಸಬಹುದು. ಮಾರಿದ ಕಂಪನಿಯೇ ಮುಚ್ಚಿಹೋದರೆ ಆ ಷರತ್ತಿನಿಂದ ಹಣ ವಸೂಲಾಗದು. ಹೀಗಾಗಿ ಪರೀಕ್ಷಾ ವರದಿ ಕೈಸೇರುವವರೆಗೆ ಬೆಲೆಯ ಒಂದು ಪಾಲನ್ನು ತಡೆಹಿಡಿಯುವುದೇ ಹೆಚ್ಚು ಭದ್ರ.