ನಾಟಕದ ರೆಕಾರ್ಡಿಂಗ್‌ನಲ್ಲಿ ದುರ್ಯೋಧನನ ದನಿ ಯಾಕೆ ಒಡೆಯುತ್ತೆ?

ನಾಗಮಂಗಲ: ಊರಹಬ್ಬದ ರಾತ್ರಿ ‘ಕುರುಕ್ಷೇತ್ರ’ ನಾಟಕ. ಬೆಳಗಿನ ಜಾವದವರೆಗೂ ಮೈದಾನದಲ್ಲಿ ಎಲ್ಲ ಚೆನ್ನಾಗೇ ಕೇಳಿಸಿತ್ತು. ಮಾರನೇ ದಿನ ಯೂಟ್ಯೂಬ್‌ಗೆ ಹಾಕೋಣ ಅಂತ ರೆಕಾರ್ಡಿಂಗ್ ತೆಗೆದು ಕೇಳಿದರೆ ಕೃಷ್ಣನ ಕಂದಪದ್ಯ ಸೊಗಸಾಗಿದೆ, ದುರ್ಯೋಧನ ಅಬ್ಬರಿಸಿದ ಕಡೆಯಲ್ಲೆಲ್ಲ ‘ಪರ್ರ್’ ಅಂತ ಬಟ್ಟೆ ಹರಿದ ಸದ್ದು. ನಾಟಕ ರೆಕಾರ್ಡ್ ಮಾಡುವವರಿಗೆ ಇದು ಹಳೇ ತಲೆನೋವು. ಬೈಗುಳ ಬೀಳುವುದು ಮೈಕಿಗೆ, ಇಲ್ಲವೇ ಮೈಕ್‌ಸೆಟ್‌ನವರಿಗೆ. ಬಹಳ ಸಲ ಎಡವಟ್ಟು ಆಗಿರುವುದು ಮಿಕ್ಸರ್ ಒಳಗಿನ, ಬೆರಳುಗುರಿನಷ್ಟು ದೊಡ್ಡದೂ ಇಲ್ಲದ ಒಂದು ಚಿಪ್‌ನ ಬಾಗಿಲಲ್ಲಿ.

ಆ ಚಿಪ್‌ಗೆ ಎಡಿಸಿ ಅಂತಾರೆ, ಅಂದರೆ ಅನಲಾಗ್ ಟು ಡಿಜಿಟಲ್ ಕನ್ವರ್ಟರ್. ಮೈಕಿನಿಂದ ಬರುವುದು ಏರಿಳಿಯುವ ಸಣ್ಣ ಕರೆಂಟು. ಮೆಮೊರಿ ಕಾರ್ಡ್‌ಗೆ, ಪೆನ್‌ಡ್ರೈವ್‌ಗೆ, ಮೊಬೈಲ್‌ಗೆ ಅದು ಅರ್ಥ ಆಗಲ್ಲ, ಅವಕ್ಕೆ ಅಂಕಿ ಬೇಕು. ಕರೆಂಟಿನ ಏರಿಳಿತವನ್ನು ಅಳೆದು ಅಂಕಿಯಾಗಿ ಬರೆದುಕೊಡುವುದೇ ಈ ಚಿಪ್‌ನ ಕೆಲಸ.

ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕೆಆರ್‌ಎಸ್ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತಲ್ಲ, ಅದೇ ಲೆಕ್ಕ. ಕಟ್ಟೆಯಲ್ಲಿ ನೀರು ಏರುತ್ತಾ ಇಳಿಯುತ್ತಾ ಇರುತ್ತೆ, ಅಳೆದು ಬರೆಯುವವರು ಹೊತ್ತು ಹೊತ್ತಿಗೆ ನೋಡಿ ಒಂದು ಅಂಕಿ ಬರೆಯುತ್ತಾರೆ. ಆ ಅಂಕಿಗಳನ್ನು ಸಾಲಾಗಿ ಇಟ್ಟರೆ ಮಳೆಗಾಲದ ಕಥೆಯೇ ಸಿಗುತ್ತೆ. ಎಡಿಸಿಯೂ ಅಳೆದು ಬರೆಯುತ್ತೆ, ಆದರೆ ದಿನಕ್ಕೊಂದು ಸಲ ಅಲ್ಲ. ಸಿ.ಡಿ. ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ, ವಿಡಿಯೊ ಲೆಕ್ಕದಲ್ಲಿ 48,000 ಸಲ. ಮನುಷ್ಯನ ಕಿವಿಗೆ ಕೇಳುವ ಅತಿ ಸಣ್ಣ ಕೀರಲು ಸ್ವರ ಸೆಕೆಂಡಿಗೆ ಸುಮಾರು 20,000 ಕಂಪನದ್ದು. ಅದನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು, ಅಷ್ಟಕ್ಕೇ ಈ ಸಂಖ್ಯೆಗಳು.

ಇನ್ನು ಡಬ್ಬಿಯ ಮೇಲೆ ಬರೆದಿರುವ ‘16 ಬಿಟ್’, ‘24 ಬಿಟ್’. ಅಳತೆ ಪಟ್ಟಿಯ ಮೇಲೆ ಎಷ್ಟು ಗೆರೆ ಇವೆ ಅನ್ನುವುದಷ್ಟೇ ಅದರ ಅರ್ಥ. 16 ಬಿಟ್‌ನಲ್ಲಿ 65,536 ಗೆರೆ, 24 ಬಿಟ್‌ನಲ್ಲಿ 1.67 ಕೋಟಿಗೂ ಹೆಚ್ಚು. ಗೆರೆ ಹೆಚ್ಚಾದಷ್ಟೂ ಮೆಲುದನಿ ಸ್ಪಷ್ಟವಾಗಿ ದಾಖಲಾಗುತ್ತೆ. ಆದರೆ ಪಟ್ಟಿಯ ತುದಿ ಎತ್ತರ ಆಗಲ್ಲ. ಅಂಗಡಿಯಲ್ಲಿ ‘24 ಬಿಟ್ ಸಾರ್, ಒಡೆಯೋದೇ ಇಲ್ಲ’ ಅಂತ ಹೇಳಿ ಮಾರುವವರು ಇದನ್ನು ಗಮನಿಸಬೇಕು.

ಯಾಕೆಂದರೆ ದುರ್ಯೋಧನ ಸಿಕ್ಕಿಬೀಳುವುದು ಆ ತುದಿಯಲ್ಲೇ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಅಳತೆ ಪಟ್ಟಿ ಅಲ್ಲಿಗೇ ಮುಗಿದು, ನೀರು ಅದರ ಮೇಲೂ ಏರಿತು ಅಂದುಕೊಳ್ಳಿ. ಅಳೆಯುವವರು ಏನು ಮಾಡಬೇಕು? 124.80, 124.80, 124.80 ಅಂತ ಬರೆಯುತ್ತಾ ಕೂರಬೇಕು. ಮೇಲೆ ಎರಡಡಿ ಏರಿತ್ತೋ ನಾಲ್ಕಡಿ ಏರಿತ್ತೋ ಆ ಪುಸ್ತಕ ನೋಡಿದವರಿಗೆ ಯಾವತ್ತೂ ಗೊತ್ತಾಗಲ್ಲ. ಚಿಪ್ ಕೂಡ ಹಾಗೇ. ದನಿಯ ಅಲೆಯ ನೆತ್ತಿಯನ್ನು ಕೊಯ್ದಂತೆ ಚಪ್ಪಟೆಯಾಗಿ ಬರೆಯುತ್ತೆ. ಕಿವಿಗೆ ಅದೇ ‘ಪರ್ರ್’. ಆಮೇಲೆ ಕಂಪ್ಯೂಟರಿನಲ್ಲಿ ವಾಲ್ಯೂಮ್ ಇಳಿಸಿದರೆ ಒಡಕು ಸಣ್ಣಗೆ ಕೇಳುತ್ತೆ, ಹೋಗಲ್ಲ. ಸರಿಪಡಿಸುವ ಸಾಫ್ಟ್‌ವೇರ್‌ಗಳು ಇವೆ, ಅವು ಮಾಡುವುದು ಅಂದಾಜು.

ಮಿಕ್ಸರ್ ಮೇಲೆ ಕೂತವರು ಇಲ್ಲೇ ಯಾಮಾರುವುದು. ಡಿಜಿಟಲ್ ಮಿಕ್ಸರ್‌ನಲ್ಲಿ ‘ಗೇನ್’ ಗುಂಡಿ ಇರುವುದು ಚಿಪ್‌ಗೆ ಮೊದಲು, ಕೆಳಗೆ ಮೇಲೆ ಜರುಗಿಸುವ ಫೇಡರ್ ಇರುವುದು ಚಿಪ್ ಆದ ಮೇಲೆ. ಪಾತ್ರಧಾರಿ ಕೂಗಿದಾಗ ಕೈ ತಾನಾಗಿ ಫೇಡರ್‌ಗೆ ಹೋಗುತ್ತೆ. ಅಷ್ಟರಲ್ಲಿ ನೆತ್ತಿ ಕೊಯ್ದಾಗಿರುತ್ತೆ. ಇಳಿಸಬೇಕಾದ್ದು ಗೇನ್. ಅತಿ ಜೋರು ದನಿಗೂ ಮೀಟರ್ ತುದಿಗಿಂತ 12 ಡೆಸಿಬಲ್ ಕೆಳಗೇ ನಿಲ್ಲುವಂತೆ ಇಟ್ಟರೆ ಸಾಕು. ಅಂದರೆ ಪಟ್ಟಿಯ ಕಾಲು ಭಾಗ ಮಾತ್ರ ಬಳಸಿದಂತಾಯಿತು. ವ್ಯರ್ಥ ಅನ್ನಿಸಬಹುದು, ಆದರೆ ಕಳೆದುಕೊಂಡಿದ್ದು ಬರೀ ಎರಡು ಬಿಟ್. 24 ಬಿಟ್ ಇರುವುದೇ ಈ ಧಾರಾಳಕ್ಕೆ. ‘ಹಲೋ, ಮೈಕ್ ಟೆಸ್ಟಿಂಗ್’ ಅಂತ ಮೆಲ್ಲಗೆ ಹೇಳಿ ಗೇನ್ ಕೂರಿಸಿದರೆ ಉಪಯೋಗ ಇಲ್ಲ. ಭೀಮನ ಪಾತ್ರದವರನ್ನೇ ಕರೆದು, ಗದೆ ಎತ್ತಿದಾಗ ಕೂಗುವಷ್ಟೇ ಕೂಗಿಸಬೇಕು.

ಈಚಿನ ಕೆಲವು ‘32 ಬಿಟ್ ಫ್ಲೋಟ್’ ರೆಕಾರ್ಡರ್‌ಗಳಲ್ಲಿ ಒಂದೇ ಮೈಕಿಗೆ ಎರಡು ಎಡಿಸಿ ಕೂರಿಸಿರುತ್ತಾರೆ, ಪಿಸುಮಾತಿಗೆ ಒಂದು, ಅಬ್ಬರಕ್ಕೆ ಒಂದು. ಅದು ಒಳ್ಳೇ ಉಪಾಯವೇ. ಆದರೂ ಸ್ಪೀಕರ್ ಬಾಕ್ಸಿನ ಪಕ್ಕ ಇಟ್ಟ ಮೊಬೈಲ್‌ನಲ್ಲಿ ಮೈಕೇ ಸೋತುಹೋಗಿರುತ್ತೆ, ಅಲ್ಲಿ ಯಾವ ಚಿಪ್ಪೂ ಏನೂ ಮಾಡಕ್ಕಾಗಲ್ಲ. ನಾಲ್ಕು ಮಾರು ದೂರ ಸರಿದು ನಿಲ್ಲುವುದೇ ದಾರಿ.

ಅಂದಹಾಗೆ, ಇಂಥ ಚಿಪ್ ಮಾಡುವವರು ಪ್ರಪಂಚದಲ್ಲಿ ಬೆರಳೆಣಿಕೆ ಮಂದಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದು, ಮಿಕ್ಸರ್, ಆಡಿಯೊ ಇಂಟರ್‌ಫೇಸ್‌ಗಳಿಗೆ ಪ್ರಪಂಚದಾದ್ಯಂತ ಅಭಾವ ಬಂದಿತ್ತು.

ನಾಟಕವಾದರೆ ಮುಂದಿನ ವರ್ಷ ಮತ್ತೆ ಆಡಿಸಬಹುದು. ಕ್ಯಾಸೆಟ್ ವಿಷಯ ಹಾಗಲ್ಲ. ತೀರಿಹೋದ ತಂದೆಯ ಅರ್ಜುನನ ಪಾತ್ರ, ಅಜ್ಜಿಯ ಸೋಬಾನೆ ಪದ ಇರುವ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಅಂತ ಅಂಗಡಿಗೆ ತರುವವರು ಇದ್ದಾರೆ. ಅಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಟೇಪಿನ ಲೈನ್ ಔಟ್ ವೈರನ್ನು ಕಂಪ್ಯೂಟರಿನ ಮೈಕ್ ತೂತಿಗೆ ಚುಚ್ಚುವುದು. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಲೈನ್ ಔಟ್‌ನಿಂದ ಬರುವುದು ಅದರ ನೂರು ಪಟ್ಟಿನಷ್ಟು. ಇಡೀ ಕ್ಯಾಸೆಟ್ ನೆತ್ತಿ ಕೊಯ್ಸಿಕೊಂಡು ಬರುತ್ತೆ. ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬಳಸಿ, ಟೇಪಿನ ಹೆಡ್ಡನ್ನು ಮೊದಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಲೆವೆಲ್ ತಗ್ಗಿಸಿಟ್ಟು ಶುರುಮಾಡಬೇಕು. ಕ್ಯಾಸೆಟ್‌ನ ಮಟ್ಟಕ್ಕೆ 16 ಬಿಟ್ ಧಾರಾಳ ಸಾಕು, ದುಬಾರಿ ಯಂತ್ರ ಬೇಡ. ಹಳೇ ಟೇಪು ಓಡುವಾಗಲೇ ಪುಡಿ ಉದುರಿಸುವುದುಂಟು, ಎರಡನೇ ಸಲ ಓಡುತ್ತೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಲೆವೆಲ್ ನೋಡಿಕೊಳ್ಳುವುದಕ್ಕೆ ಬೇರೆ ಯಾವುದಾದರೂ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ ನೋಡಿ, ಅಪ್ಪನ ಕ್ಯಾಸೆಟ್ ಆಮೇಲೆ ಹಾಕಿ.